ಕೇಬಲ್ ಅಗೆತದಲ್ಲಿ ಪೈಪು ಒಡೆದರೆ ಹೊಣೆ ಯಾರದು?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಮಳೆಯನ್ನೇ ನೆಚ್ಚಿ ಕೂಡುವಂತಿಲ್ಲ. ಊರಿನ ಕುಡಿಯುವ ನೀರಾಗಲಿ, ಬೋರಿನಿಂದ ದಾಳಿಂಬೆಗೂ ಮಲ್ಲಿಗೆಗೂ ಹೋಗುವ ನೀರಾಗಲಿ, ನೆಲದೊಳಗಿನ ಪೈಪಿನಲ್ಲೇ ಹರಿಯಬೇಕು. ಈಗ ಅದೇ ರಸ್ತೆಯ ಅಂಚಿನಲ್ಲಿ ದೂರಸಂಪರ್ಕದ ಕೇಬಲ್ಲೂ ಬರುತ್ತಿದೆ. ಗ್ರಾಮ ಪಂಚಾಯಿತಿಗಳಿಗೆ ಅಂತರ್ಜಾಲ ತಲುಪಿಸಲು 2011ರಲ್ಲಿ ಮಂಜೂರಾದ ಯೋಜನೆಯೇ ಇಂದಿನ ಭಾರತ್‌ನೆಟ್. ಖಾಸಗಿ ಕಂಪನಿಗಳೂ ಕೇಬಲ್ ಹಾಕುತ್ತವೆ. ಕೇಬಲ್ ಬರುವುದು ಒಳ್ಳೆಯದೇ. ಆದರೆ ಅಗೆಯುವಾಗ ಪೈಪು ಒಡೆದರೆ ಖರ್ಚು ಯಾರು ಕೊಡಬೇಕೆಂಬುದನ್ನು ಮೊದಲೇ ತಿಳಿದಿರಬೇಕು.

ಪೈಪು ಕೆಡುವ ಬಗೆ

ಇಂತಹ ಕೇಬಲ್ಲಿಗೆ ಸಾಧಾರಣವಾಗಿ 165 ಸೆಂಟಿಮೀಟರ್, ಎಂದರೆ ಸುಮಾರು ಐದೂವರೆ ಅಡಿ ಆಳ ತೋಡುತ್ತಾರೆ. ನಮ್ಮ ನೀರಿನ ಪೈಪು ಅದಕ್ಕಿಂತ ಮೇಲಿರುತ್ತದೆ. ಆದುದರಿಂದ ಕಾಲುವೆ ಪೈಪಿಗೆ ಅಡ್ಡ ಬಂದ ಕಡೆಯಲ್ಲೆಲ್ಲ ಅಪಾಯವಿದೆ. ಜೆ.ಸಿ.ಬಿ. ಹಲ್ಲು ತಗುಲಿ ಒಡೆದರೆ ಕೂಡಲೇ ಕಾಣುತ್ತದೆ. ಇನ್ನೊಂದು ಬಗೆ ಕಾಣುವುದಿಲ್ಲ. ಪೈಪಿನ ಕೆಳಗಿನ ಮಣ್ಣು ತೆಗೆದು, ಗಟ್ಟಿಯಾಗಿ ದಮ್ಮಸು ಮಾಡದೆ ಮುಚ್ಚಿದರೆ, ಮಳೆ ಬಿದ್ದಾಗ ಮಣ್ಣು ಕುಸಿದು ಪೈಪು ಜೋಲುತ್ತದೆ. ತಿಂಗಳ ಮೇಲೆ ಜಾಯಿಂಟು ಬಿಡುತ್ತದೆ. ಎರೆ ಭೂಮಿಯಲ್ಲಿ ಇದು ಹೆಚ್ಚು.

ಊರಿನ ನಲ್ಲಿಯ ಪೈಪಾದರೆ ನೀರು ಪೋಲಾಗುವುದಷ್ಟೇ ಅಲ್ಲ. ನೀರು ನಿಲ್ಲಿಸಿದ ಹೊತ್ತಿನಲ್ಲಿ ಒಡಕಿನಿಂದ ಚರಂಡಿಯ ಕೊಳೆ ಒಳಗೆ ಸೇರಬಹುದು. ಪೈಪಿನ ನೀರು ಕೆಟ್ಟರೆ ಏನಾಗುತ್ತದೆ? 2021ರಲ್ಲಿ ಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಬಿಟ್ಟದ್ದನ್ನು ನಮ್ಮ ಕಡೆಯವರು ಮರೆಯಲಾರರು.

ಕಾನೂನಿನ ಮಾತು

ಅಜಾಗರೂಕತೆಯಿಂದ ಇನ್ನೊಬ್ಬರ ಸೊತ್ತು ಕೆಡಿಸಿದವನು ನಷ್ಟ ತುಂಬಬೇಕು. ಇದು ಹಳೆಯ ನ್ಯಾಯ. ತಂತಿ ಎಳೆಯುವವರು ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು ಎಂದು 1885ರ ಟೆಲಿಗ್ರಾಫ್ ಕಾಯಿದೆಯೇ ಹೇಳಿತ್ತು. ಈಗ 2023ರ ದೂರಸಂಪರ್ಕ ಕಾಯಿದೆ ಬಂದಿದೆ. ಅದರ ಕೆಳಗಿನ ಮಾರ್ಗಾಧಿಕಾರದ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಸಾರ್ವಜನಿಕ ರಸ್ತೆಯಲ್ಲಿ ಅಗೆಯಲು ಆ ರಸ್ತೆಯ ಪ್ರಾಧಿಕಾರದ ಅನುಮತಿ ಬೇಕು. ನಿಮ್ಮ ಸ್ವಂತ ಹೊಲದಲ್ಲಾದರೆ ನಿಮಗೆ ಅರ್ಜಿ ಕೊಟ್ಟು ಕರಾರು ಮಾಡಿಕೊಳ್ಳಬೇಕು.

“ನಾನು ಬರೀ ಡ್ರೈವರ್” ಎನ್ನುವವನೊಡನೆ ಜಗಳವಾಡಿ ಫಲವಿಲ್ಲ. ಅಗೆಸಿದ ಗುತ್ತಿಗೆದಾರ, ಅನುಮತಿ ಪಡೆದ ಸಂಸ್ಥೆ, ಇಬ್ಬರಿಗೂ ಅರ್ಜಿ ಬರೆಯಿರಿ. ಯಾರ ಪಾಲು ಎಷ್ಟೆಂಬುದನ್ನು ಅವರವರ ಕರಾರಿನಂತೆ ಅವರೇ ತೀರಿಸಿಕೊಳ್ಳಲಿ.

ಒಂದು ಮಾತು ಮಾತ್ರ ಮನಸ್ಸಿನಲ್ಲಿರಲಿ. ಬಾವಿ ರಸ್ತೆಯ ಆಚೆಗಿದೆ, ಹೊಲ ಈಚೆಗಿದೆ ಎಂದು ಅನುಮತಿಯಿಲ್ಲದೆ ರಸ್ತೆಯಡಿ ಪೈಪು ದಾಟಿಸಿದವರು ನಮ್ಮಲ್ಲಿ ಬಹಳ. ಅಂತಹ ಪೈಪು ಒಡೆದರೆ “ಅದು ಅಲ್ಲಿರಲೇಬಾರದಿತ್ತು” ಎಂಬ ಉತ್ತರ ಬರುತ್ತದೆ. ನಿಮ್ಮ ಹಕ್ಕು ಸಡಿಲವಾಗುತ್ತದೆ. ಇಂದೇ ಅರ್ಜಿ ಕೊಟ್ಟು ಅನುಮತಿ ಪಡೆಯಿರಿ.

ಮಾಡಬೇಕಾದುದು

1. ಪೈಪು ಹೋದ ದಾರಿಯಲ್ಲಿ, ತಿರುವಿನಲ್ಲಿ, ರಸ್ತೆ ದಾಟುವಲ್ಲಿ ಗುರುತಿನ ಕಲ್ಲು ನೆಡಿರಿ. ಆಳ, ಅಳತೆ ಬರೆದ ಒಂದು ನಕ್ಷೆಯನ್ನು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

2. ಯಂತ್ರ ಬಂದ ದಿನ ಅನುಮತಿ ಪತ್ರ ಕೇಳಿ ನೋಡಿರಿ. ಸಂಸ್ಥೆಯ ಮತ್ತು ಗುತ್ತಿಗೆದಾರನ ಹೆಸರು ಬರೆದುಕೊಳ್ಳಿರಿ. ನೀರುಗಂಟಿಯನ್ನು ಕರೆದು ಪೈಪಿನ ಜಾಗ ತೋರಿಸಿರಿ. ಪೈಪಿನ ಬಳಿ ಕೈಯಿಂದಲೇ ಅಗೆಯಲು ಹೇಳಿರಿ.

3. ಪೈಪು ಒಡೆದರೆ ಗುಂಡಿ ಮುಚ್ಚಗೊಡಬೇಡಿರಿ. ಮುಚ್ಚಿದ ಗುಂಡಿ ಸಾಕ್ಷಿ ಹೇಳುವುದಿಲ್ಲ. ಟೇಪು ಹಿಡಿದು ಫೋಟೋ ತೆಗೆಯಿರಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಕರೆಸಿ, ಪಂಚರ ಎದುರಿಗೆ ಮಹಜರು ಬರೆಯಿಸಿರಿ. ಗುತ್ತಿಗೆದಾರನ ಕಡೆಯವರ ಸಹಿಯನ್ನೂ ಕೇಳಿರಿ.

4. ಪೈಪಿನ ಬಿಲ್ಲು, ಕೂಲಿ, ಟ್ಯಾಂಕರಿನ ಬಾಡಿಗೆ, ಎಲ್ಲಕ್ಕೂ ರಸೀದಿ ಇಟ್ಟುಕೊಳ್ಳಿರಿ. ನೀರಿಲ್ಲದೆ ಬೆಳೆ ಒಣಗಿದರೆ ಕೃಷಿ ಅಥವಾ ತೋಟಗಾರಿಕೆ ಅಧಿಕಾರಿಗೆ ಅರ್ಜಿ ಕೊಟ್ಟು ಸ್ಥಳ ತೋರಿಸಿರಿ.

5. ಕುಡಿಯುವ ನೀರಿನ ಪೈಪಾದರೆ ರಿಪೇರಿಯ ನಂತರ ಮೊದಲ ನೀರನ್ನು ಹೊರಗೆ ಬಿಡಿಸಿ, ಕ್ಲೋರಿನ್ ಹಾಕಿಸಿರಿ. ನೀರು ಶುದ್ಧವೆಂದು ಖಚಿತವಾಗುವವರೆಗೆ ಕುದಿಸಿ ಕುಡಿಯಿರಿ.

6. ಒಪ್ಪಿ ಕೊಡದಿದ್ದರೆ ದೂರನ್ನು ಬರಹದಲ್ಲಿ ಪಂಚಾಯಿತಿಗೆ, ತಹಶೀಲ್ದಾರರಿಗೆ ಕೊಡಿರಿ. ಅದಕ್ಕೂ ಬಗ್ಗದಿದ್ದರೆ ಸಿವಿಲ್ ನ್ಯಾಯಾಲಯವಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸಲಹೆ ಕೇಳಬಹುದು. ತಡಮಾಡಬೇಡಿರಿ.

ನಾವು ಅಗೆಯುವಾಗ

ಹೊಣೆ ಒಂದೇ ಕಡೆಯದಲ್ಲ. ನಾವು ರಸ್ತೆಯ ಅಂಚಿನಲ್ಲಿ ಪೈಪಿಗಾಗಿ ಅಗೆದು ಕೇಬಲ್ ಕಡಿದರೆ ಅದರ ನಷ್ಟ ನಮ್ಮ ತಲೆಗೆ ಬರುತ್ತದೆ. ಅಗೆಯುವ ಮುನ್ನ ಕೇಬಲ್ ಇದೆಯೇ ಎಂದು ವಿಚಾರಿಸಲು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪ್ 2023ರ ಮಾರ್ಚ್ 22ರಂದು ಆರಂಭವಾಯಿತು. ಆದರೆ ನಿಮ್ಮ ಹೊಲದ ಪೈಪು ಅದರಲ್ಲಿ ಕಾಣುವುದೆಂದು ನಂಬಬೇಡಿರಿ. ಅದಕ್ಕೆ ನಿಮ್ಮ ಗುರುತಿನ ಕಲ್ಲೇ ಗತಿ.

ನೆಲದೊಳಗಿನದು ಕಣ್ಣಿಗೆ ಕಾಣದು. ಕಾಣುವಂತೆ ಕಲ್ಲು ನೆಟ್ಟು ಕಾಗದ ಇಟ್ಟುಕೊಂಡವನ ಮಾತು ನಿಲ್ಲುತ್ತದೆ. ಈ ವಿಷಯವನ್ನು ಮುಂದಿನ ಗ್ರಾಮಸಭೆಯಲ್ಲಿ ಎತ್ತಿ, ಊರಿನ ಪೈಪುಗಳ ನಕ್ಷೆ ಬರೆಯಿಸಿರಿ.