ಅಟ್ಟ ಹತ್ತದ ಬೆಕ್ಕು

ನಮ್ಮ ಮನೆಯ ಬೆಕ್ಕಿಗೆ 14 ವರ್ಷ. ಪ್ರಾಯದಲ್ಲಿ ಅದು ನೆಲದಿಂದ ಕಿಟಕಿಗೆ, ಕಿಟಕಿಯಿಂದ ಅಟ್ಟಕ್ಕೆ ಎರಡೇ ನೆಗೆತದಲ್ಲಿ ಹೋಗಿ ಇಲಿಗಳ ಪಾಲಿಗೆ ಯಮನಾಗಿತ್ತು. ಕಳೆದ ವರ್ಷ ಅಟ್ಟದ ಸಂಚಾರ ನಿಂತಿತು. ಅನಂತರ ಕಿಟಕಿಗೂ ನೇರವಾಗಿ ನೆಗೆಯದೆ, ಮೊದಲು ಸ್ಟೂಲನ್ನೇರಿ, ಅಲ್ಲಿ ಯೋಚನೆಯಲ್ಲಿದ್ದಂತೆ ಕೊಂಚ ಹೊತ್ತು ಕುಳಿತು, ಬಳಿಕ ಕಿಟಕಿ ಸೇರತೊಡಗಿತು. ‘ಮುದುಕಿಯಾಯಿತು, ಇನ್ನೆಲ್ಲಿಯ ನೆಗೆತ!’ ಎಂದು ನಾವು ನಕ್ಕೆವು. ಅದು ಕುಂಟುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಆದುದರಿಂದ ನೋವಿದ್ದೀತೆಂಬ ಸಂಶಯವೇ ನಮಗೆ ಬರಲಿಲ್ಲ.

ಪಶುವೈದ್ಯರು ಹಿಂಗಾಲುಗಳನ್ನು ಮೆಲ್ಲನೆ ಹಿಂದಕ್ಕೆ ಚಾಚಿದಾಗ ಬೆಕ್ಕು ಗುರುಗುಟ್ಟಿತು. ಕ್ಷಕಿರಣ ಚಿತ್ರದಲ್ಲಿ ತೊಡೆಯ ಬುಡದ ಕೀಲುಗಳೆರಡೂ ಅಂಚು ಒರಟಾಗಿ ಕಂಡವು. ಅಜ್ಜ ಅಜ್ಜಿಯರ ಮಂಡಿಯನ್ನು ಕಾಡುವ ಸಂಧಿವಾತವೇ ಇಲ್ಲಿಯೂ ಮನೆಮಾಡಿತ್ತು.

ಕೀಲಿನಲ್ಲಿ ಕೂಡುವ ಎಲುಬುಗಳ ತುದಿಗೆ ಮೃದ್ವಸ್ಥಿಯೆಂಬ ನುಣುಪಾದ ಹೊದಿಕೆಯುಂಟು. ಅದರೊಳಗೆ ರಕ್ತನಾಳಗಳಿಲ್ಲವಾದ್ದರಿಂದ ಒಮ್ಮೆ ಸವೆದರೆ ಮತ್ತೆ ಬೆಳೆದು ತುಂಬಿಕೊಳ್ಳುವುದು ಕಷ್ಟ. ಹೊದಿಕೆ ತೆಳುವಾದಂತೆ ಕೆಳಗಿನ ಎಲುಬು ಗಡುಸಾಗುತ್ತದೆ. ಅಂಚಿನಲ್ಲಿ ಮುಳ್ಳಿನಂತಹ ಚಿಗುರುಗಳು ಮೂಡುತ್ತವೆ. ಕೀಲಿನ ಒಳಪೊರೆ ಉರಿಯೂತಕ್ಕೆ ತುತ್ತಾಗುತ್ತದೆ. ಬೆಕ್ಕಿನಲ್ಲಿ ಹೆಚ್ಚಾಗಿ ಕೆಡುವುವು ತೊಡೆಯ ಬುಡದ ಕೀಲು ಮತ್ತು ಮೊಣಕೈಗಳು. ಮೇಲಕ್ಕೆ ಚಿಮ್ಮಿಸುವ ಬಲವು ಹಿಂಗಾಲಿನದು, ಕೆಳಗೆ ಧುಮುಕಿದಾಗ ಪೆಟ್ಟು ತಾಳುವುದು ಮುಂಗಾಲು. ಆದುದರಿಂದ ನಡೆಯುವಾಗ ಅಡಗಿರುವ ನೋವು ನೆಗೆಯುವಾಗ ಹೊರಬೀಳುತ್ತದೆ. ಕುಂಟದಿರುವುದಕ್ಕೂ ಕಾರಣವಿದೆ. ಎರಡು ಕಡೆಯೂ ಒಟ್ಟಿಗೆ ಕೆಟ್ಟರೆ ಭಾರವನ್ನು ವರ್ಗಾಯಿಸಲು ಒಳ್ಳೆಯ ಕಾಲಾದರೂ ಎಲ್ಲಿದೆ?

ಇದು ಅಪರೂಪದ ವ್ಯಾಧಿಯಲ್ಲ. 12 ವರ್ಷ ದಾಟಿದ 100 ಬೆಕ್ಕುಗಳ ಕ್ಷಕಿರಣ ಚಿತ್ರಗಳನ್ನು ಅಮೆರಿಕದ ಪಶುವೈದ್ಯರು ಪರಿಶೀಲಿಸಿ 2002ರಲ್ಲಿ ವರದಿ ಮಾಡಿದರು. 90ರಲ್ಲಿ ಕೀಲು ಸವೆದ ಗುರುತುಗಳಿದ್ದುವು. ಚಿತ್ರದಲ್ಲಿ ಗುರುತಿದ್ದ ಮಾತ್ರಕ್ಕೆ ನೋವಿರಲೇಬೇಕೆಂದಿಲ್ಲ, ನಿಜ. ಆದರೆ ನೋವನ್ನು ತೋರಗೊಡದಿರುವುದು ಬೆಕ್ಕಿನ ಹುಟ್ಟುಗುಣ. ಇಲಿಗೆ ಹುಲಿಯಾದ ಈ ಪ್ರಾಣಿ ನಾಯಿ ನರಿಗಳಿಗೆ ತಾನೇ ಬೇಟೆಯಷ್ಟೆ! ಆದುದರಿಂದ ಪರೋಕ್ಷ ಚಿಹ್ನೆಗಳನ್ನು ಹುಡುಕಬೇಕು. ಬೆನ್ನು ಬಗ್ಗಿಸಿ ಮೈ ನೆಕ್ಕಿಕೊಳ್ಳಲಾರದೆ ಸೊಂಟದ ಬಳಿಯ ಕೂದಲು ಗಂಟುಕಟ್ಟುತ್ತದೆ. ಉಗುರು ಮಸೆಯುವುದು ನಿಂತು, ಅವು ಬೆಳೆದು ಪಾದದ ಮೆತ್ತೆಗೆ ಚುಚ್ಚುವುದೂ ಉಂಟು. ಮರಳಿನ ತಟ್ಟೆಯ ಪಕ್ಕದಲ್ಲಿಯೇ ಗಲೀಜು ಮಾಡುವ ಮುದಿ ಬೆಕ್ಕನ್ನು ಬೈಯುವ ಮೊದಲು ತಟ್ಟೆಯ ಅಂಚು ಎಷ್ಟು ಎತ್ತರವಿದೆಯೆಂದು ನೋಡಬೇಕು. ನಾವು ಬೈದದ್ದೂ ಉಂಟೆಂದು ಒಪ್ಪಿಕೊಳ್ಳುತ್ತೇವೆ.

ಅದಕ್ಕಿಂತ ದೊಡ್ಡ ತಪ್ಪೊಂದು ಸ್ವಲ್ಪದರಲ್ಲಿ ತಪ್ಪಿತು. ರೋಗವೇನೆಂದು ತಿಳಿದ ದಿನ, ಮನೆಯಲ್ಲಿದ್ದ ಪ್ಯಾರಸಿಟಮಾಲ್ ಗುಳಿಗೆಯನ್ನು ಮುರಿದು ಹಾಲಿನಲ್ಲಿ ಕದಡಲು ಹೊರಟಿದ್ದೆವು. ವೈದ್ಯರಿಗೆ ಒಂದು ಮಾತು ಕೇಳೋಣವೆಂದು ಫೋನು ಮಾಡಿದ್ದು ಬೆಕ್ಕಿನ ಪುಣ್ಯ. ನಮ್ಮ ಯಕೃತ್ತು ಈ ಔಷಧದ ಹೆಚ್ಚು ಪಾಲನ್ನು ಗ್ಲುಕುರಾನಿಕ್ ಆಮ್ಲದೊಡನೆ ಇಲ್ಲವೆ ಸಲ್ಫೇಟಿನೊಡನೆ ಬೆಸೆದು ಮೂತ್ರದಲ್ಲಿ ಸಾಗಹಾಕುತ್ತದೆ. ಮೊದಲನೆಯ ಬೆಸುಗೆಗೆ ಬೇಕಾದ ಕಿಣ್ವದ ಜೀನು ಬೆಕ್ಕಿನಲ್ಲಿ ಕೆಟ್ಟು ನಿಂತಿದೆ. ಸಸ್ಯಗಳನ್ನು ತಿನ್ನುವ ಪ್ರಾಣಿಗಳಿಗೆ ಅವುಗಳಲ್ಲಿನ ವಿಷವನ್ನು ಕಳೆಯಲು ಇಂತಹ ಕಿಣ್ವಗಳು ಬೇಕು. ಮಾಂಸವನ್ನೇ ನಂಬಿದ ಬೆಕ್ಕಿನ ವಂಶದಲ್ಲಿ ಅದು ಬಳಕೆಯಿಲ್ಲದೆ ಹಾಳಾಯಿತೆಂದು ವಿಜ್ಞಾನಿಗಳ ಊಹೆ. ಹೀಗೆ ಉಳಿದ ಔಷಧವು ವಿಷವಸ್ತುಗಳಾಗಿ ಮಾರ್ಪಟ್ಟು ರಕ್ತದ ಹಿಮೋಗ್ಲೋಬಿನನ್ನು ಕೆಡಿಸುತ್ತದೆ. ಆಮ್ಲಜನಕ ಸಾಗಿಸಲಾರದ ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ನಮ್ಮ ತಲೆನೋವಿನ 500 ಮಿಲಿಗ್ರಾಮಿನ ಒಂದೇ ಗುಳಿಗೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಬೆಕ್ಕಿಗೆಂದೇ ಔಷಧಗಳಿಲ್ಲದಿಲ್ಲ. ಮೆಲಾಕ್ಸಿಕ್ಯಾಮನ್ನು ವೈದ್ಯರು ಮೂತ್ರಪಿಂಡಗಳ ಸ್ಥಿತಿಯನ್ನು ನೋಡಿಕೊಂಡು ಅಲ್ಪ ಪ್ರಮಾಣದಲ್ಲಿ ಕೊಡುವುದುಂಟು. ನೋವಿನ ಸುದ್ದಿಯನ್ನು ಹೆಚ್ಚಿಸುವ ನರವರ್ಧಕ ಪ್ರೋಟೀನೊಂದನ್ನು ಹಿಡಿದು ಕಟ್ಟಿಹಾಕುವ ಫ್ರುನೆವೆಟ್‌ಮ್ಯಾಬ್ ಎಂಬ ಪ್ರತಿಕಾಯಕ್ಕೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ದೊರೆಯಿತು. ಅದನ್ನು ತಿಂಗಳಿಗೊಮ್ಮೆ ಚುಚ್ಚುತ್ತಾರೆ.

ಉಳಿದುದು ಮನೆಯವರ ಕೆಲಸ. ನಾವು ಕಿಟಕಿಗೆ ಒಂದು ಹಲಗೆಯನ್ನು ಓರೆಯಾಗಿ ನಿಲ್ಲಿಸಿ, ಕಾಲು ಜಾರದಂತೆ ಗೋಣಿಚೀಲ ಸುತ್ತಿದೆವು. ಮರಳಿನ ತಟ್ಟೆಯ ಒಂದು ಅಂಚನ್ನು ಎರಡು ಅಂಗುಲಕ್ಕೆ ಇಳಿಸಿದೆವು. ನುಣುಪು ನೆಲದ ಮೇಲೆ ಚಾಪೆ ಬಂತು. ಗಾಳಿ ಬೀಸದ ಮೂಲೆಯಲ್ಲಿ ಹಳೆಯ ಕಂಬಳಿಯ ಹಾಸಿಗೆಯಾಯಿತು. ಊಟದ ಅಳತೆ ಮಾತ್ರ ಜಗಳಕ್ಕೆ ಕಾರಣವಾಯಿತು. 4 ಕಿಲೋಗ್ರಾಮಿನ ಬೆಕ್ಕು 1 ಕಿಲೋಗ್ರಾಮು ಕೊಬ್ಬಿದರೆ, 60 ಕಿಲೋಗ್ರಾಮಿನ ಮನುಷ್ಯ 15 ಕಿಲೋಗ್ರಾಮು ಹೊತ್ತು ತಿರುಗಿದಂತೆ ಎಂದು ಲೆಕ್ಕ ಹಾಕಿ ತೋರಿಸಿದ ಮೇಲೆಯೇ ಅಜ್ಜಿ ಕದ್ದು ಹಾಲು ಹಾಕುವುದನ್ನು ನಿಲ್ಲಿಸಿದರು.

ಆರು ವಾರಗಳ ಬಳಿಕ ಒಂದು ಬೆಳಿಗ್ಗೆ ಬೆಕ್ಕು ಹಲಗೆಯನ್ನೇರಿ ಕಿಟಕಿಯ ಬಿಸಿಲಿನಲ್ಲಿ ಕುಳಿತು, ಬಹಳ ದಿನಗಳ ಮೇಲೆ, ಬೆನ್ನು ತಿರುಗಿಸಿ ಸೊಂಟವನ್ನು ನೆಕ್ಕಿಕೊಂಡಿತು. ಅಟ್ಟಕ್ಕೆ ಮಾತ್ರ ಇನ್ನೂ ಹೋಗಿಲ್ಲ. ಅಲ್ಲಿ ಇಲಿಗಳಿಗೆ ಸುಗ್ಗಿ.