ಜಲಶೋಧನೆಯ ಅತಿನೇರಳೆ ದೀಪಗಳು: ಭೇದವಿಚಾರ

ಸೂರ್ಯಪ್ರಕಾಶಕ್ಕೆ ಸೂಕ್ಷ್ಮಜೀವಿಗಳನ್ನು ಅಡಗಿಸುವ ಶಕ್ತಿಯುಂಟೆಂಬುದನ್ನು ಡೌನ್ಸ್, ಬ್ಲಂಟ್ ಎಂಬ ಆಂಗ್ಲ ವಿದ್ವಾಂಸರು 1877ರಲ್ಲಿಯೇ ತೋರಿಸಿದ್ದರು. ಫ್ರಾನ್ಸಿನ ಮಾರ್ಸೇಲ್ಸ್ ಪಟ್ಟಣದಲ್ಲಿ 1910ರಲ್ಲಿ ಪಾದರಸದ ದೀಪದಿಂದ ನೀರನ್ನು ಶುದ್ಧಿಗೊಳಿಸುವ ಪ್ರಯತ್ನವೂ ನಡೆಯಿತು. ಕ್ಲೋರಿನ್ ಅಗ್ಗವಾಗಿದ್ದುದರಿಂದ ಆ ಮಾರ್ಗವು ಬಹುಕಾಲ ಹಿಂದೆಬಿದ್ದಿತು. ಆದರೆ 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ನಲ್ಲಿನೀರನ್ನು ಕ್ಲೋರಿನ್ನಿಗೆ ಜಗ್ಗದ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಜೀವಿಯು ಸೇರಿ, ಸುಮಾರು 4 ಲಕ್ಷ ಜನರು ರೋಗಪೀಡಿತರಾದರು. ಆ ಜೀವಿಯು ಅಲ್ಪಮಾತ್ರದ ಅತಿನೇರಳೆ ಕಿರಣಕ್ಕೇ ವಶವಾಗುವುದೆಂದು ಆ ದಶಕದ ಕೊನೆಗೆ ಸಿದ್ಧವಾದ ಮೇಲೆ, ಯಾವ ದೀಪವನ್ನಿಡಬೇಕೆಂಬ ಪ್ರಶ್ನೆಯು ನಗರಗಳಿಗೆ ಮುಖ್ಯವಾಯಿತು.

ದೀಪಗಳಲ್ಲಿ ಅಲ್ಪ ಒತ್ತಡದವು, ಮಧ್ಯಮ ಒತ್ತಡದವು ಎಂದು ಎರಡು ಮುಖ್ಯ ಭೇದಗಳು. ಇಲ್ಲಿ ಒತ್ತಡವೆಂಬುದು ಕೊಳವೆಯೊಳಗಣ ಪಾದರಸದ ಆವಿಗೆ ಸಂಬಂಧಿಸಿದುದು. ನೀರಿನ ಒತ್ತಡವೆಂದು ಭ್ರಮಿಸಲಾಗದು. ಜೀವಿಯ ಡಿ.ಎನ್.ಎ. ದ್ರವ್ಯವು 260 ನ್ಯಾನೋಮೀಟರಿನ ಆಸುಪಾಸಿನ ಕಿರಣವನ್ನು ಅತಿಶಯವಾಗಿ ಹೀರುತ್ತದೆ. ಹೀರಿದಾಗ ಅದರೊಳಗೆ ಪಕ್ಕಪಕ್ಕದ ಥೈಮಿನ್ ಘಟಕಗಳು ಒಂದಕ್ಕೊಂದು ಅಂಟಿ, ಸಂತಾನಕ್ರಿಯೆಯು ನಿಲ್ಲುತ್ತದೆ. ಇದನ್ನು ವಧೆಯೆನ್ನುವುದಕ್ಕಿಂತ ವಂಧ್ಯೀಕರಣವೆನ್ನುವುದು ಯುಕ್ತ. ಅಲ್ಪ ಒತ್ತಡದ ದೀಪವು ತನ್ನ ವಿದ್ಯುತ್ತಿನ ಸುಮಾರು ಮೂರನೆಯ ಒಂದು ಪಾಲನ್ನು 253.7 ನ್ಯಾನೋಮೀಟರಿನ ಒಂದೇ ರೇಖೆಯಲ್ಲಿ ಸುರಿಸುವುದರಿಂದ ವ್ಯಯವು ಸಾರ್ಥಕವಾಗುತ್ತದೆ. ಮಧ್ಯಮ ಒತ್ತಡದ್ದಾದರೋ 600ರಿಂದ 900 ಡಿಗ್ರಿ ಸೆಲ್ಸಿಯಸ್ ಕಾಯ್ದು, ಅನೇಕ ತರಂಗಗಳಲ್ಲಿ ಹರಡಿಹೋಗುತ್ತದೆ. ಸುಣ್ಣ, ಕಬ್ಬಿಣಗಳುಳ್ಳ ನೀರಿನಲ್ಲಿ ಅದರ ಸ್ಫಟಿಕದ ಕವಚಕ್ಕೆ ಕರೆಯೂ ಬೇಗ ಕಟ್ಟುತ್ತದೆ. ಹಾಗಿದ್ದೂ ಒಂದೊಂದು ದೀಪವೂ ಬಲಿಷ್ಠವಾದುದರಿಂದ ಇಕ್ಕಟ್ಟಾದ ಕಟ್ಟಡಕ್ಕೆ ಅದೇ ಒಪ್ಪುವುದು. 254ರ ಕಿರಣವನ್ನು ಬಹಳವಾಗಿ ಸಹಿಸಿಕೊಳ್ಳುವ ಅಡಿನೋವೈರಸ್ಸನ್ನು ಅಡಗಿಸುವುದರಲ್ಲಿಯೂ ಅದರ ನಾನಾ ತರಂಗಗಳೇ ಮೇಲು.

ಸೋಸದೆಯೇ ಬರುವ ಕ್ಯಾಟ್‌ಸ್ಕಿಲ್–ಡೆಲವೇರ್ ಜಲಾಶಯಗಳ ನೀರಿಗಾಗಿ ನ್ಯೂಯಾರ್ಕ್ ನಗರವು ಸ್ಥಾಪಿಸಿದ 56 ಘಟಕಗಳಲ್ಲಿ ಅಲ್ಪ ಒತ್ತಡದ, ಅಧಿಕಪ್ರಭೆಯ ದೀಪಗಳಿವೆ. ಹಗಲಿರುಳೂ ಹರಿಯುವ ಮಹಾಪ್ರವಾಹಕ್ಕೆ ವಿದ್ಯುತ್ತಿನ ಮಿತವ್ಯಯವೇ ಪ್ರಧಾನವಾದುದರಿಂದ ಈ ಆಯ್ಕೆಯು ಯುಕ್ತವೆಂದೇ ಹೇಳಬೇಕು. ಪಾದರಸವೇ ಬೇಡದ ಎಲ್.ಇ.ಡಿ. ದೀಪಗಳೂ ಬಂದಿವೆ, ಆದರೆ ದೊಡ್ಡ ನಗರಗಳ ಭಾರವನ್ನು ಹೊರುವುದಕ್ಕೆ ಅವು ಇನ್ನೂ ಬಲಿಯಬೇಕಾಗಿದೆ.

ನಮ್ಮ ಅಡಿಗೆಮನೆಗಳ ಗೋಡೆಯ ಮೇಲಣ ಶೋಧಕಗಳಲ್ಲಿ ಸಾಮಾನ್ಯವಾಗಿರುವುದು ಅಲ್ಪ ಒತ್ತಡದ ಸಣ್ಣ ದೀಪವೇ. ನೀರು ಕದಡಿದ್ದರೆ ಕಿರಣವು ಒಳಹೊಗದಾದ್ದರಿಂದ ಮೊದಲು ಸೋಸುವುದು ಆವಶ್ಯಕ. ದೀಪಶಬ್ದವು ಬೆಳಗುವುದೆಂಬರ್ಥದ ಧಾತುವಿನಿಂದ ಹುಟ್ಟಿದುದಾದರೂ ಇಲ್ಲಿ ಕೆಲಸಮಾಡುವ ಕಿರಣವು ಕಣ್ಣಿಗೆ ಕಾಣದು. ಕಾಣುವ ನೀಲಕಾಂತಿಯು ಆನುಷಂಗಿಕ. ಕಾಲಕ್ರಮದಲ್ಲಿ ಅದೃಶ್ಯಕಿರಣವು ಕ್ಷೀಣಿಸಿದ ಮೇಲೂ ಆ ನೀಲಿಯು ಉಳಿದಿರುವುದರಿಂದ, ದೀಪವನ್ನು ಉರಿದ ಗಂಟೆಗಳ ಲೆಕ್ಕದಿಂದ ಬದಲಿಸಬೇಕಲ್ಲದೆ ಕಾಂತಿಯನ್ನು ನೋಡಿ ಅಲ್ಲ.