ಪಿಟ್ಸ್‌ಬರ್ಗಿನ 73 ಮನೆಗಳು

‘ಇಂಟರ್ನೆಟ್ ಜಾಸ್ತಿಯಾದರೆ ಖಿನ್ನತೆ ಬರುತ್ತದಂತೆ, ನಿಜವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಕಾಲೇಜಿಗೆ ಹೋಗುವ ಮಗ ರಾತ್ರಿಯೆಲ್ಲ ಮೊಬೈಲು ಹಿಡಿದಿರುತ್ತಾನೆಂಬ ಆತಂಕ ಅವರದು.

ಈ ಮಾತು ಜಗತ್ತು ಸುತ್ತತೊಡಗಿದ್ದು 1998ರಲ್ಲಿ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರು ಆ ಊರಿನ ಮನೆಗಳಿಗೆ ಕಂಪ್ಯೂಟರು, ಫೋನ್ ಲೈನು, ಇಂಟರ್ನೆಟ್ ಎಲ್ಲವನ್ನೂ ಪುಕ್ಕಟೆ ಕೊಟ್ಟಿದ್ದರು. 73 ಮನೆ, 169 ಜನ. ಒಂದೆರಡು ವರ್ಷ ಕಳೆದು ನೋಡಿದರೆ, ಹೆಚ್ಚು ಬಳಸಿದವರಲ್ಲಿ ಮನೆಯವರೊಡನೆ ಮಾತು ಕಡಿಮೆಯಾಗಿತ್ತು. ಒಂಟಿತನ, ಖಿನ್ನತೆ ತುಸು ಏರಿದ್ದವು. ಸೋಜಿಗವೆಂದರೆ, ಅವರು ಇಂಟರ್ನೆಟ್ಟನ್ನು ಮುಖ್ಯವಾಗಿ ಬಳಸಿದ್ದೇ ಇಮೇಲ್ ಬರೆಯಲು, ಅಂದರೆ ಮನುಷ್ಯರೊಡನೆ ಮಾತಾಡಲು! ನ್ಯೂಯಾರ್ಕ್ ಟೈಮ್ಸ್ ಇದನ್ನು ಮುಖಪುಟದಲ್ಲೇ ಅಚ್ಚುಮಾಡಿತು.

ತಕರಾರುಗಳೂ ಎದ್ದವು. ಇಂಟರ್ನೆಟ್ ಸಿಗದ ಮನೆಗಳನ್ನು ಹೋಲಿಕೆಗೆ ಇಟ್ಟುಕೊಂಡಿರಲಿಲ್ಲ. ಆರಿಸಿಕೊಂಡವರಲ್ಲಿ ಹಲವರು ಹೈಸ್ಕೂಲು ಮಕ್ಕಳು. ಶಾಲೆ ಮುಗಿದರೆ ಗೆಳೆಯರು ಚದುರುವುದು ಸಹಜವೇ. ಕ್ರೌಟ್ ತಂಡ ಹಟ ಹಿಡಿಯದೆ ಅದೇ ಜನರನ್ನು ಮತ್ತೆ ಹುಡುಕಿಕೊಂಡು ಹೋಯಿತು. ಮೊದಲು ಕಂಡ ಕೇಡು ಬಹುಮಟ್ಟಿಗೆ ಮಾಯವಾಗಿತ್ತು. 2002ರಲ್ಲಿ ಅದನ್ನೂ ಪ್ರಕಟಿಸಿದರು. ಹೊಸದಾಗಿ ನೋಡಿದ ಇನ್ನೊಂದು ಗುಂಪಿನಲ್ಲಿ, ನಾಲ್ಕು ಜನರೊಡನೆ ಬೆರೆಯುವವರಿಗೆ ಇಂಟರ್ನೆಟ್ಟಿನಿಂದ ಲಾಭವಾಗಿತ್ತು, ಮುದುಡಿಕೊಳ್ಳುವ ಸ್ವಭಾವದವರಿಗೆ ಒಂಟಿತನ ಹೆಚ್ಚಿತ್ತು. ವಿಜ್ಞಾನ ನಡೆಯಬೇಕಾದದ್ದೇ ಹೀಗೆ. ಆದರೆ ಜನರ ನೆನಪಲ್ಲಿ ಉಳಿದದ್ದು ಮೊದಲ ಸುದ್ದಿ ಮಾತ್ರ.

2019ರಲ್ಲಿ ಸಂಶೋಧಕರಾದ ಆಮಿ ಓರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ 3,55,358 ಹದಿಹರೆಯದವರ ಮಾಹಿತಿ ಜಾಲಾಡಿದರು. ಅವರ ನೆಮ್ಮದಿಯಲ್ಲಿನ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇ. 0.4. ಆಲೂಗಡ್ಡೆ ತಿನ್ನುವುದರ ನಂಟೂ ಹೆಚ್ಚುಕಡಿಮೆ ಅಷ್ಟೇ ಇತ್ತು! ಮೊಬೈಲಿಗೆ ಹೆದರುವವರು ಪಲ್ಯಕ್ಕೂ ಹೆದರಬೇಕಾದೀತು.

ಹಾಗೆಂದು ಎಲ್ಲವೂ ಕ್ಷೇಮವೆನ್ನಲಾರೆ. ಸರಾಸರಿಯೊಳಗೆ ನಿಜವಾಗಿ ನರಳುವವರು ಮರೆಯಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಟರ್ನೆಟ್, ಮೊಬೈಲಿನ ಅತಿಬಳಕೆಯಿಂದ ನರಳುವವರಿಗಾಗಿ ‘ಶಟ್’ ಕ್ಲಿನಿಕ್ ತೆರೆದದ್ದು ಸುಮ್ಮನೆ ಅಲ್ಲ. ಕಾರಣ ತಿರುಗುಮುರುಗಾಗಿರಲೂಬಹುದು: ಖಿನ್ನತೆಯಿಂದ ನಿದ್ದೆ ಬಾರದವರು ಮೊಬೈಲಿಗೆ ಅಂಟಿಕೊಳ್ಳುತ್ತಾರೆ.

ಆದ್ದರಿಂದ ಮಗನ ಗಂಟೆಗಳನ್ನು ಎಣಿಸುವ ಮೊದಲು ಅವನ ನಿದ್ದೆ, ಊಟ, ಗೆಳೆತನ ಹೇಗಿವೆ ನೋಡಿ. ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ.